ಅರ್ಧ ಬಂದೂಕಿನ ಕಳವು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ, ಯಾರೂ ಕೂರಿ ಅನ್ನುವ ಮೊದಲೇ ಕುರ್ಚಿ ಎಳೆದು ಕೂತು, ತಮ್ಮ ಕ್ಲಬ್ಬಿನಲ್ಲಿ ಅರ್ಧ ಬಂದೂಕು ಕಳುವಾಗಿದೆ ಎಂದು ದೂರು ಕೊಟ್ಟರು.

ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. ಅವರ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಠಾಣೆಯಲ್ಲಿ ಯಾರಿಗೂ ನೆನಪಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಮಾತಿನಮಲ್ಲ. ಇಡೀ ಬಂದೂಕು ಕದ್ದವರನ್ನು ಅವರು ಹಿಡಿದಿದ್ದರು, ಕಳ್ಳಬಂದೂಕು ಮಾಡಿ ಮಾರಿದವರನ್ನೂ ಹಿಡಿದಿದ್ದರು. ಅರ್ಧ ಒಯ್ದು ಅರ್ಧ ಬಿಟ್ಟುಹೋದ ಪುಣ್ಯಾತ್ಮನನ್ನು ಮಾತ್ರ ಕಂಡಿರಲಿಲ್ಲ. ಉಳಿದರ್ಧಕ್ಕೆ ಅವನು ಯಾವಾಗ ಬರುತ್ತಾನೆಂದು ಗೊತ್ತಾದರೆ ನಮ್ಮ ಕೆಲಸ ಹಗುರಾಗುತ್ತದೆ ಎಂದರು. ಕಾರ್ಯದರ್ಶಿ ನಗಲಿಲ್ಲ. ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು.

ಕಾರ್ಯದರ್ಶಿ ಹೇಳಿದ್ದು ಇಷ್ಟು. ಕ್ಲಬ್ಬನ್ನು ಕಟ್ಟಿದ ಹಿರಿಯರದ್ದೊಂದು ಜೋಡಿ ನಳಿಗೆಯ ಬಂದೂಕು ನೂರು ವರ್ಷಕ್ಕೂ ಹಳೆಯದು, ಕ್ಲಬ್ಬಿನ ದೊಡ್ಡ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದೆ. ಹಳೆಯ ಬಂದೂಕುಗಳ ದೊಡ್ಡದೊಂದು ಪ್ರದರ್ಶನಕ್ಕೆ ಅದನ್ನು ಕಳಿಸಬೇಕಿತ್ತು. ಹಾಲಿಗೆ ಬಣ್ಣ ಬಳಿಯುತ್ತಿದ್ದುದರಿಂದ ಗುರುವಾರವೇ ಪೆಟ್ಟಿಗೆಗೆ ಬಟ್ಟೆ ಹೊದಿಸಿದ್ದರು. ಅಂದುಕೊಂಡದ್ದಕ್ಕಿಂತ ಒಂದು ವಾರ ಮೊದಲೇ ಕಳಿಸಬೇಕಾಗಿ ಬಂದದ್ದರಿಂದ ಈ ದಿನ ಬೆಳಿಗ್ಗೆ ಬಟ್ಟೆ ತೆಗೆದು ನೋಡಿದರೆ ನಳಿಗೆಗಳು ಮಲಗಿದಲ್ಲೇ ಇವೆ. ಮರದ ಹಿಡಿ, ಗುಂಡು ಹಾರಿಸುವ ಕುದುರೆ, ಅದರ ಯಂತ್ರ ಮುಚ್ಚುವ ತಟ್ಟೆಗಳಿದ್ದ ಹಿಂಭಾಗ ಮಾಯ. ಪೆಟ್ಟಿಗೆಯ ಬೀಗ ಒಡೆದಿಲ್ಲ. ಇರುವುದೊಂದೇ ಕೀಲಿ, ಅದು ಕಾವಲುಗಾರನ ಹತ್ತಿರ.

"ಬೀಗ ಹಾಗೇ ಇದೆ, ಕೀಲಿ ಅವನ ಸೊಂಟದಲ್ಲಿದೆ. ಇನ್ನೇನು ಬೇಕು ಮೇಡಂ?"

"ಕಳ್ಳ ಬೇಕು," ಎಂದರು ಇನ್ಸ್‌ಪೆಕ್ಟರ್, ಮತ್ತು ಎಫ್‌ಐಆರ್ ದಾಖಲಿಸಲು ಹೇಳಿದರು.

ಬಂದೂಕಿನ ಕೇಸೆಂದರೆ ಈ ಇನ್ಸ್‌ಪೆಕ್ಟರಿಗೆ ತವರುಮನೆಯಿಂದ ಕರೆ ಬಂದಂತೆ. ಆಕೆಯ ಅಪ್ಪ ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಮಗಳು ಅಕ್ಷರ ಕಲಿಯುವ ಮೊದಲೇ ಅರ ಹಿಡಿಯುವುದನ್ನು ಕಲಿತಿದ್ದಳು. ಇದನ್ನು ಆಕೆ ಎಲ್ಲಿಯೂ ಮುಚ್ಚಿಟ್ಟವರಲ್ಲ. ಮೇಲಧಿಕಾರಿಗಳ ಮುಂದೆಯೂ ನಾನು ಮಿಸ್ತ್ರಿ ಮಗಳು ಎಂದೇ ಎದೆಯುಬ್ಬಿಸಿ ಹೇಳುತ್ತಿದ್ದರು.

ಹಾಲಿನಲ್ಲಿ ಬಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ಏಣಿಗಳನ್ನು ಗೋಡೆಗೆ ಒರಗಿಸಿದ್ದರು, ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿದ್ದರು. ಬಣ್ಣ ಬಳಿಯುವ ಇಬ್ಬರನ್ನೇ ಪಂಚರನ್ನಾಗಿ ಮಾಡಿಕೊಂಡು ಮಾತಿನಮಲ್ಲ ಪಂಚನಾಮೆ ಶುರುಮಾಡಿದರು. ಬಾಗಿಲ ಬಳಿ ಕಾವಲುಗಾರರು ನೆಟ್ಟಗೆ ನಿಂತಿದ್ದರು. ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದು ನಿವೃತ್ತರಾದ ಅವರನ್ನು, ಅವರ ನಡಿಗೆಯನ್ನೂ ಮೀಸೆಯನ್ನೂ ನೋಡಿ ಊರೆಲ್ಲ ಕರ್ನಲ್ ಎಂದು ಕರೆಯುತ್ತಿತ್ತು. ಮೊದಮೊದಲು ತಮಾಷೆಗೆ ಕರೆದದ್ದು, ಈಗ ಅದರಲ್ಲಿ ತಮಾಷೆ ಉಳಿದಿರಲಿಲ್ಲ.

ಇನ್ಸ್‌ಪೆಕ್ಟರ್ ಕೇಳಿದ ಯಾವ ಪ್ರಶ್ನೆಗೂ ಅವರು ಬಾಯಿ ಬಿಡಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದರು: "ಮೊದ್ಲು ನನ್ನ ಮನೆ ಹುಡುಕಿ. ಆಮೇಲೆ ಮಾತಾಡೋಣ."

ಹುಡುಕಿದರು. ಎರಡು ಕೋಣೆಯ ಮನೆ. ಕರ್ನಲರ ಹೆಂಡತಿ ಟ್ರಂಕಿನ ಬಟ್ಟೆ, ಡಬ್ಬದ ಕಾಳು, ಮಂಚದಡಿಯ ಹಾಸಿಗೆ ಎಲ್ಲವನ್ನೂ ತಾನೇ ಒಂದೊಂದಾಗಿ ತೆಗೆದು ತೋರಿಸಿದಳು. ಯಾರೂ ಕೈ ಹಾಕಲು ಬಿಡಲಿಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡಿದ್ದವು. ಏನೂ ಸಿಗಲಿಲ್ಲ, ಆದರೆ ಪೊಲೀಸರು ಬಂದುಹೋದ ಮನೆ ಎಂಬ ಹೆಸರು ಅಲ್ಲಿ ಉಳಿಯಿತು. ಇದು ಇನ್ಸ್‌ಪೆಕ್ಟರಿಗೆ ಚುಚ್ಚುತ್ತಲೇ ಇತ್ತು.

ಮಧ್ಯಾಹ್ನ ಆಕೆ ಮತ್ತೆ ಹಾಲಿಗೆ ಹೋಗಿ ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಲು ಹೇಳಿದರು. ಹಿಂದೆ ಒಂದು ಹಲಗೆ, ಹಲಗೆಗೆ ಎಂಟು ಹಿತ್ತಾಳೆ ಸ್ಕ್ರೂ. ಎಂಟರ ತಲೆಯ ಸೀಳುಗಳೂ ನೇರ ಮೇಲಕ್ಕೆ, ಕವಾಯತಿಗೆ ನಿಂತ ಪೊಲೀಸರಂತೆ ಒಂದೇ ಸಾಲಿನಲ್ಲಿದ್ದವು. ಆಕೆ ಎದ್ದು ಬಾಗಿಲಿನ ಕೀಲುಗಳನ್ನು ನೋಡಿದರು, ಸ್ವಿಚ್ ಬೋರ್ಡುಗಳನ್ನು ನೋಡಿದರು, ಉಳಿದ ಪೆಟ್ಟಿಗೆಗಳ ಬೆನ್ನು ನೋಡಿದರು. ಅಲ್ಲೆಲ್ಲ ಸ್ಕ್ರೂಗಳ ಮುಖ ಒಂದೊಂದು ದಿಕ್ಕಿಗಿತ್ತು. ಬಡಗಿಯಾದವನು ಸ್ಕ್ರೂ ಬಿಗಿಯಾದರೆ ಸಾಕು ಎಂದು ಕೈ ಒರೆಸಿಕೊಳ್ಳುತ್ತಾನೆ. ಹಳೆಯ ಬಂದೂಕಿನ ಕೆಲಸ ಕಲಿತವನಿಗೆ ಹಾಗೆ ಬಿಡಲು ಆಗುವುದಿಲ್ಲ. ಒಳ್ಳೆಯ ಬಂದೂಕಿನಲ್ಲಿ ಸೀಳುಗಳೆಲ್ಲ ನಳಿಗೆಯ ದಿಕ್ಕಿಗೇ ನಿಲ್ಲಬೇಕು. ನಿಲ್ಲದಿದ್ದರೆ ಆಕೆಯ ಅಪ್ಪ ಬಿಚ್ಚಿ ಮೊದಲಿನಿಂದ ಶುರುಮಾಡಿಸುತ್ತಿದ್ದರು.

ಕಳ್ಳ ಬೀಗದ ತಂಟೆಗೇ ಹೋಗಿಲ್ಲ, ಬೆನ್ನಹಲಗೆ ಬಿಚ್ಚಿ ಒಯ್ದು ಮತ್ತೆ ಹಾಕಿದ್ದಾನೆ, ಹಾಕುವಾಗ ಅವನ ಕೈ ಹಳೆಯ ಅಭ್ಯಾಸ ಬಿಟ್ಟಿಲ್ಲ ಎಂದು ಇನ್ಸ್‌ಪೆಕ್ಟರ್ ವಿವರಿಸಿದರು. ಕಾರ್ಯದರ್ಶಿ ಕೇಳಿಸಿಕೊಂಡು, ಯಾವನೋ ಶಿಸ್ತಿನ ಬಡಗಿ ಇದ್ದಿರಬೇಕು ಎಂದರು. ಮಂಗಳವಾರ ಮಧ್ಯಾಹ್ನ ಕ್ಲಬ್ಬಿನ ಸಮಿತಿ ಸಭೆ ಸೇರಿ ಕರ್ನಲರನ್ನು ಕೆಲಸದಿಂದ ತೆಗೆಯಿತು.

ಬುಧವಾರ ಬೆಳಿಗ್ಗೆ ಪಹರೆಯವನು ಠಾಣೆಯ ಗೇಟಿನ ಒಳಗೆ ಒಂದು ಗಂಟು ಕಂಡ. ಎಣ್ಣೆ ಹಚ್ಚಿದ ಬಟ್ಟೆ, ಅದರ ಮೇಲೆ ಇನ್ನೊಂದು ದಪ್ಪ ಬಟ್ಟೆ, ಒಳಗೆ ಅರ್ಧ ಬಂದೂಕು. ಕೂಸನ್ನು ಸುತ್ತಿದಂತೆ ಸುತ್ತಿದ್ದಾರಲ್ಲ ಎಂದು ಮಾತಿನಮಲ್ಲ ಬೆರಗಾದರು.

ಸುದ್ದಿ ಸಿಕ್ಕ ಅರ್ಧ ಗಂಟೆಯಲ್ಲಿ ಕಾರ್ಯದರ್ಶಿ ಹಾಜರು. "ಸಿಕ್ತಲ್ಲ ಮೇಡಂ, ಇಲ್ಲಿಗೆ ಮುಗಿಸಿಬಿಡಿ. ಪಾಪ, ಹೆದರಿ ತಂದಿಟ್ಟಿದಾನೆ."

"ಯಾರು?"

"ಇನ್ಯಾರು?"

ಇನ್ಸ್‌ಪೆಕ್ಟರ್ ಅವರಿಗೆ ಚಹಾ ತರಿಸಿ ಕುಡಿಸಿ ಕಳಿಸಿದರು, ಬಂದೂಕು ಕೊಡಲಿಲ್ಲ. ಕೇಸು ಇಲ್ಲಿಗೆ ನಿಂತರೆ ಕರ್ನಲರು ಸಾಯುವ ತನಕ ಕಳ್ಳರೇ. ಇದು ಆಕೆಗೆ ಸ್ಪಷ್ಟವಿತ್ತು.

ಹನ್ನೊಂದಕ್ಕೆ ಕರ್ನಲರೇ ಬಂದರು. ಇಸ್ತ್ರಿ ಮಾಡಿದ ಸಮವಸ್ತ್ರ, ಎದೆಯ ಮೇಲೆ ಕ್ಲಬ್ಬಿನ ಬಿಲ್ಲೆ ಕಿತ್ತ ಜಾಗದಲ್ಲಿ ಎರಡು ಸಣ್ಣ ತೂತು. ಕೂರಿ ಎಂದರೂ ಕೂರಲಿಲ್ಲ.

"ನಿಮಗೆ ಬಂದೂಕು ಸಿಕ್ತು, ಸಂತೋಷ. ನನಗೇನು ಸಿಕ್ತು ಮೇಡಂ?"

"ನೀವು ಬಾಯಿ ಬಿಟ್ರೆ ಸಿಗುತ್ತೆ," ಎಂದರು ಇನ್ಸ್‌ಪೆಕ್ಟರ್. "ಗುರುವಾರದಿಂದ ಭಾನುವಾರದ ತನಕ ಒಳಗೆ ಬಂದ ಹೊರಗಿನವರು ಯಾರ್ಯಾರು?"

ಈ ಸಲ ಅವರು ಹೇಳಿದರು. ಹಾಲು ಹಾಕುವವನು ಗೇಟಿನಿಂದಲೇ ಹೋಗುತ್ತಾನೆ. ಬಣ್ಣದವರು ಬಂದಿದ್ದರು, ಅವರ ಡಬ್ಬಗಳನ್ನು ದಿನಾ ತೆಗೆದು ನೋಡಿದ್ದೇನೆ. ಬಂದೂಕಿನಂಗಡಿಯ ಮಾಲೀಕ ಶುಕ್ರವಾರ ಬಂದು ಬರಿಗೈಯಲ್ಲಿ ಹೋದ. ಶನಿವಾರ ಹಿಂದಿನ ಕೋಣೆಯಲ್ಲಿ ಹೆಂಗಸರ ಹೊಲಿಗೆ ತರಗತಿ, ಮಿಷನ್ ನೋಡಲು ಮಿಷನ್ ಅಕ್ಕ ಬಂದಿದ್ದಳು. "ನಮ್ಮ ಕ್ಲಬ್ಬಿನ ಹಳೇ ಬಂದೂಕು ಮಿಸ್ತ್ರಿ ಮಗಳು. ಅಂಗೈಯಷ್ಟು ಇದ್ದಾಗಿಂದ ನೋಡಿದೀನಿ. ಅವಳ ಸಾಮಾನಿನ ಚೀಲ ಭಾರ ಇತ್ತು, ಗಾಡಿ ತನಕ ನಾನೇ ಹೊತ್ಕೊಟ್ಟೆ."

ಇದನ್ನು ಹೇಳಿದವರಿಗೆ ತಾವೇನು ಹೇಳಿದೆವೆಂಬ ಅರಿವಿರಲಿಲ್ಲ. ಇನ್ಸ್‌ಪೆಕ್ಟರ್ ಮಾತಿನಮಲ್ಲನ ಕಡೆ ನೋಡಿದರು. ಮಾತಿನಮಲ್ಲ ಆಗಲೇ ಚೀಲದ ಮಾತನ್ನು ಬರೆದುಕೊಳ್ಳುತ್ತಿದ್ದರು.

ಆದರೆ ಚೀಲ ಭಾರವಿತ್ತೆಂಬುದು ಸಾಕ್ಷ್ಯವಲ್ಲ. ಆಕೆ ಬಾಗಿಲು ಹಾಕಿಕೊಂಡು, ಕಿಟಕಿಯ ಬೆಳಕಿಗೆ ಬಂದೂಕನ್ನಿಟ್ಟು, ಭೂತಗನ್ನಡಿ ಹಿಡಿದು ಕೂತರು. ಪಕ್ಕದಲ್ಲಿ, ಹೋದ ತಿಂಗಳು ಕ್ಲಬ್ಬಿನವರು ವಿಮೆಗಾಗಿ ತೆಗೆಸಿದ್ದ ಫೋಟೋಗಳು. ಈ ಭಾಗದಲ್ಲಿ ಏಳು ಸ್ಕ್ರೂಗಳಿದ್ದವು. ಫೋಟೋದಲ್ಲಿ ಏಳರ ತಲೆಯೂ ಇಲಿ ಕಡಿದಂತೆ ಹರಿದಿತ್ತು. ಅದು ಹೇಗಾಗುತ್ತದೆಂದು ಆಕೆಗೆ ಬಿಡಿಸಿ ಹೇಳಬೇಕಿರಲಿಲ್ಲ. ಹಳೆಯ ಬಂದೂಕಿನ ಸೀಳು ಬಲು ಕಿರಿದು, ಅದರ ಗೋಡೆಗಳು ನೇರ. ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯ ಆಕಾರದ್ದು. ಬಾಯಲ್ಲಿ ಸಿಕ್ಕಿಕೊಳ್ಳುತ್ತದೆಯೇ ಹೊರತು ತಳ ಮುಟ್ಟುವುದಿಲ್ಲ. ಬಲ ಹಾಕಿ ತಿರುಗಿಸಿದರೆ ಜಾರಿ ಅಂಚನ್ನು ಎಬ್ಬಿಸುತ್ತದೆ. ಸ್ಕ್ರೂ ನೋಡಿ ಸ್ಕ್ರೂಡ್ರೈವರ್ ಮಾಡ್ಕೋಬೇಕು ಮಗಳೇ, ಇರೋ ಸ್ಕ್ರೂಡ್ರೈವರಿಗೆ ಸ್ಕ್ರೂನ ಬಲಿಕೊಡಬಾರದು ಎನ್ನುತ್ತಿದ್ದರು ಅಪ್ಪ. ಒಂದೊಂದು ಸ್ಕ್ರೂವಿಗೂ ಒಂದೊಂದು ಸ್ಕ್ರೂಡ್ರೈವರ್. ಅಗಲ ತಲೆಯಷ್ಟೇ, ದಪ್ಪ ಸೀಳಿನಷ್ಟೇ, ಎರಡು ಮುಖವೂ ಸಮನಾಗಿ ಮಸೆದದ್ದು.

ಈಗ ಮೇಜಿನ ಮೇಲಿದ್ದ ಬಂದೂಕಿನಲ್ಲಿ ಆ ಗಾಯಗಳಿರಲಿಲ್ಲ. ಎದ್ದ ಲೋಹವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸಿ, ತೆಳು ಅರದಿಂದ ಸೀಳನ್ನು ಮತ್ತೆ ತೆಗೆದು, ಹಳೆಯ ನೀಲಿಬಣ್ಣ ಬರುವಂತೆ ಕಾಯಿಸಿ ಎಣ್ಣೆ ಕುಡಿಸಿದ್ದರು. ಸೀಳುಗಳು ಮೊದಲಿಗಿಂತ ಕೂದಲೆಳೆಯಷ್ಟು ಹೆಚ್ಚು ಅಗಲವಾಗಿದ್ದವು, ಅಷ್ಟೇ. ಇನ್ಸ್‌ಪೆಕ್ಟರ್ ಭೂತಗನ್ನಡಿ ಕೆಳಗಿಟ್ಟರು. ಇಂಥ ಕೆಲಸವನ್ನು ಆಕೆ ಅಪ್ಪನ ಮೇಜಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ, ಮತ್ತು ನೋಡಿ ಹೆಮ್ಮೆಯಾಯಿತು. ಕಳ್ಳನ ಬಗ್ಗೆ ಪೊಲೀಸರಿಗೆ ಹೆಮ್ಮೆಯಾಗಬಾರದು ಎಂಬುದು ಆಮೇಲೆ ನೆನಪಾಯಿತು.

ಆರು ಸ್ಕ್ರೂ ಹೀಗೆ. ಏಳನೆಯದು ಮಾತ್ರ ಹರಿದ ತಲೆಯಲ್ಲೇ ಇತ್ತು. ಯಾಕೆಂದು ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಮೊದಲು ಬಂದೂಕಿನಂಗಡಿಗೆ ಹೋದರು. ಈಗ ಕ್ಲಬ್ಬಿನ ರಿಪೇರಿಯೆಲ್ಲ ಆ ಮಾಲೀಕನದ್ದೇ. ಅವನು ಮಖಮಲ್ಲಿನ ಪೆಟ್ಟಿಗೆ ತೆರೆದು ಹೊಳೆಯುವ ಸ್ಕ್ರೂಡ್ರೈವರುಗಳನ್ನು ತೋರಿಸಿ, ಇದರ ಮುಂದೆ ಯಾವ ಸ್ಕ್ರೂನೂ ನಿಲ್ಲುವುದಿಲ್ಲ ಎಂದು ಕೊಚ್ಚಿಕೊಂಡ. ಇನ್ಸ್‌ಪೆಕ್ಟರ್ ಒಂದೊಂದರ ತುದಿಯನ್ನೂ ಬೆರಳಲ್ಲಿ ಸವರಿದರು. ಎಲ್ಲ ಬೆಣೆಗಳೇ. ಆ ಮಾತು ನಿಜ, ಒಂದೂ ನಿಂತಿಲ್ಲ ಎಂದು ಹೇಳಿ ಹೊರಬಂದರು. ಕೆಡಿಸಿದವನು ಇವನೇ, ಆದರೆ ಸರಿಮಾಡಿದವನಂತೂ ಅಲ್ಲ.

ಮಿಷನ್ ಅಕ್ಕನ ಅಂಗಡಿ ಸಂತೆ ಬೀದಿಯ ತುದಿಯಲ್ಲಿತ್ತು. ಅಂಗಡಿಯೆಂದರೆ ಒಂದು ಕೋಣೆ. ಗೋಡೆಯುದ್ದಕ್ಕೂ ತಲೆ ಬಿಚ್ಚಿದ ಹೊಲಿಗೆ ಮಿಷನ್ನುಗಳು, ಕಿಟಕಿಯ ಕೆಳಗೆ ಕೆಲಸದ ಮೇಜು, ಮೇಜಿನ ಮೇಲಿನ ಹಲಗೆಯಲ್ಲಿ ಮರದ ಹಿಡಿಯ ಸ್ಕ್ರೂಡ್ರೈವರುಗಳ ಸಾಲು. ನಲವತ್ತೈದರ ಹೆಂಗಸು, ಕನ್ನಡಕ ಹಣೆಯ ಮೇಲೆ. ಇನ್ಸ್‌ಪೆಕ್ಟರ್, ಮಾತಿನಮಲ್ಲ ಮತ್ತು ಜೊತೆಗಿದ್ದ ಮಹಿಳಾ ಕಾನ್‌ಸ್ಟೇಬಲ್ಲರನ್ನು ನೋಡಿದಾಗಲೂ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ.

"ಶನಿವಾರ ಕ್ಲಬ್ಬಿಗೆ ಹೋಗಿದ್ರಾ?"

"ಪ್ರತಿ ಶನಿವಾರ ಹೋಗ್ತೀನಿ."

"ಬಂದೂಕು ಇದ್ದ ಹಾಲಿಗೆ?"

"ಅಲ್ಲಿ ನನಗೇನು ಕೆಲ್ಸ?"

"ಈ ಸ್ಕ್ರೂಡ್ರೈವರೆಲ್ಲ ಮಿಷನ್ನಿಗಾ?"

"ಮಿಷನ್ನಿಗೇ."

ಇನ್ಸ್‌ಪೆಕ್ಟರ್ ಮುಂದೆ ಕೇಳಲಿಲ್ಲ. ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಮಿಷನ್ ಅಕ್ಕ ಒಮ್ಮೆ ನೋಡಿ ಕಣ್ಣು ತೆಗೆದಳು. ಒಳಭಾಗಗಳ ಪರೀಕ್ಷೆಯಾಗಬೇಕು, ಬಿಚ್ಚಿಯೇ ಕಳಿಸೋಣ ಎಂದು ಇನ್ಸ್‌ಪೆಕ್ಟರ್ ಮಾತಿನಮಲ್ಲನಿಗೆ ಜೀಪಿನ ಸ್ಕ್ರೂಡ್ರೈವರ್ ತರಲು ಹೇಳಿದರು. ಅದು ಬಣ್ಣದ ಡಬ್ಬದ ಮುಚ್ಚಳ ಎಬ್ಬಿಸಲು, ಟೈರಿಗೆ ಮೆತ್ತಿದ ಮಣ್ಣು ಕೆರೆಯಲು ಬಳಸುತ್ತಿದ್ದ ಹತಾರ. ಮಾತಿನಮಲ್ಲನಿಗೆ ಯಾವ ಗುಟ್ಟನ್ನೂ ಹೇಳಿರಲಿಲ್ಲವಾದ್ದರಿಂದ ಅವರು ನಿಷ್ಠೆಯಿಂದ ತೋಳು ಮಡಚಿ, ದೊಡ್ಡ ಸ್ಕ್ರೂವಿನ ಮೇಲೆ ತುದಿಯನ್ನಿಟ್ಟು, ಭುಜದ ಬಲವನ್ನೆಲ್ಲ ಸೇರಿಸಿದರು. ಇನ್ನೊಂದು ಕ್ಷಣ ತಡವಾಗಿದ್ದರೆ ಇನ್ಸ್‌ಪೆಕ್ಟರೇ ಅವರ ಕೈ ಹಿಡಿಯುತ್ತಿದ್ದರು. ಆ ಸ್ಕ್ರೂ ಹರಿಯುವುದನ್ನು ನೋಡಲು ಆಕೆಯಿಂದಲೂ ಆಗುತ್ತಿರಲಿಲ್ಲ.

ಮಿಷನ್ ಅಕ್ಕನ ಅಂಗೈ ಸ್ಕ್ರೂವನ್ನು ಮುಚ್ಚಿತು.

"ಅದನ್ನ ಎತ್ತಿ ಅಣ್ಣ."

ದನಿ ಜೋರಿರಲಿಲ್ಲ. ಹಿಂದಕ್ಕೆ ತಿರುಗಿಯೂ ನೋಡದೆ ಅವಳು ಇನ್ನೊಂದು ಕೈಯನ್ನು ಹಲಗೆಗೆ ಚಾಚಿ, ಅಷ್ಟು ಸ್ಕ್ರೂಡ್ರೈವರುಗಳ ನಡುವೆ ಒಂದನ್ನು ಎತ್ತಿ ಮುಂದೆ ಹಿಡಿದಳು. ಇನ್ಸ್‌ಪೆಕ್ಟರ್ ಅದನ್ನು ಸೀಳಿಗಿಳಿಸಿ ಕೈ ಬಿಟ್ಟರು. ಅದು ನಿಂತೇ ಇತ್ತು. ಬಂದೂಕನ್ನು ಎತ್ತಿ ಓರೆ ಮಾಡಿದರೂ ಬೀಳಲಿಲ್ಲ. ತೆಗೆದು ಬೆಳಕಿಗೆ ಹಿಡಿದರು. ಹಿಡಿ ಹಳೆಯದು, ಮಿಷನ್ ಅಕ್ಕನ ಅಪ್ಪನ ಕಾಲದ್ದು. ಮಸೆದ ತುದಿ ಮಾತ್ರ ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ಹಳೆಯ ಸೀಳಿಗೆಂದು ಮಸೆದದ್ದಾಗಿದ್ದರೆ, ಅಗಲವಾದ ಈ ಸೀಳಿನಲ್ಲಿ ಇದು ಹೀಗೆ ನಿಲ್ಲುತ್ತಿರಲಿಲ್ಲ.

"ಇದನ್ನ ಈ ವಾರ ಮಸೆದಿದೀರಿ," ಎಂದರು ಇನ್ಸ್‌ಪೆಕ್ಟರ್.

ಮಿಷನ್ ಅಕ್ಕ ಕನ್ನಡಕವನ್ನು ಹಣೆಯಿಂದ ತೆಗೆದು ಮಡಿಸಿಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು, ಅಳದೆ. ಆ ಬಂದೂಕು ಕ್ಲಬ್ಬಿಗೆ ಬಂದಾಗ ತುಕ್ಕಿನ ಮುದ್ದೆಯಾಗಿತ್ತು. ಒಂದು ಸ್ಕ್ರೂನೂ ಉಳಿದಿರಲಿಲ್ಲ. ಅಪ್ಪ ಏಳನ್ನೂ ಕಂಬಿಯಿಂದ ಕಡೆದು ಹೊಸದಾಗಿ ಮಾಡಿದ, ಪಕ್ಕದಲ್ಲಿ ಕೂತು ಅವಳು ಮಸೆದುಕೊಟ್ಟಳು. ಅಪ್ಪ ಹೋದ ಮೇಲೆ ಕೆಲಸ ನನಗೆ ಕೊಡಿ, ಪರವಾನಗಿಗೆ ಅರ್ಜಿ ಹಾಕಿಕೊಡಿ ಎಂದು ಸಮಿತಿಯನ್ನು ಕೇಳಿದಳು. ಮಿಷನ್ ನೋಡ್ಕೊಂಡಿರಮ್ಮ ಎಂದರು. ಅಂಗಡಿಯವನು ಬಂದ, ಏಳನ್ನೂ ಹರಿದ. ಅದೂ ಹೋಗಲಿ ಎಂದುಕೊಂಡಿದ್ದಳು. ಆದರೆ ಪ್ರದರ್ಶನಕ್ಕೆಂದು ಪೆಟ್ಟಿಗೆಯಲ್ಲಿ ಹೊಸ ಫಲಕ ಬರೆಸಿದ್ದರು: ಇದನ್ನು ಜೀರ್ಣೋದ್ಧಾರ ಮಾಡಿದವರು ಇಂಥವರು ಎಂದು, ಅಪ್ಪನ ಹೆಸರು.

"ಬಂದೂಕು ಬಲ್ಲವರೆಲ್ಲ ಬರೋ ಜಾಗ ಮೇಡಂ. ಮೊದ್ಲು ಸ್ಕ್ರೂ ನೋಡ್ತಾರೆ, ಆಮೇಲೆ ಹೆಸರು ನೋಡ್ತಾರೆ."

ಕಳಿಸುವುದಕ್ಕೆ ಮೊದಲು ಸರಿಮಾಡಿಕೊಡುತ್ತೇನೆಂದು ಮತ್ತೆ ಕೇಳಿದಳು, ಮತ್ತೆ ಬೇಡವೆಂದರು. ಪೆಟ್ಟಿಗೆಗೆ ಬಟ್ಟೆ ಹೊದಿಸಿದ್ದನ್ನು ಕಂಡು, ಶನಿವಾರ ಬಣ್ಣದವರು ಊಟಕ್ಕೆ ಹೋದಾಗ ಬೆನ್ನಹಲಗೆ ಬಿಚ್ಚಿ ಒಯ್ದಳು. ಮುಂದಿನ ಶನಿವಾರ ತಂದಿಟ್ಟರೆ ಯಾರಿಗೂ ತಿಳಿಯದು ಎಂದುಕೊಂಡಿದ್ದಳು. ದಿನ ಬದಲಾದದ್ದು ಗೊತ್ತಿರಲಿಲ್ಲ. ನಳಿಗೆ ಚೀಲಕ್ಕೆ ಹಿಡಿಸುತ್ತಿರಲಿಲ್ಲ, ಅದರಲ್ಲಿ ಅಪ್ಪನ ಸ್ಕ್ರೂನೂ ಇರಲಿಲ್ಲ.

"ಏಳನೇದನ್ನ ಯಾಕೆ ಬಿಟ್ರಿ?"

"ಮಂಗಳವಾರ ಸಂಜೆ ತರಕಾರಿ ಅಂಗಡೀಲಿ ಮಾತಾಡ್ತಿದ್ರು. ಕರ್ನಲ್ ಮನೆ ಜಾಲಾಡಿದ್ರಂತೆ, ಕೆಲ್ಸಾನೂ ಹೋಯ್ತಂತೆ ಅಂತ. ಬಂದು ಕಟ್ಟಿಟ್ಟೆ."

"ಒಂದೇ ಉಳಿದಿತ್ತಲ್ಲ. ಒಂದು ದಿನದ ಕೆಲ್ಸ."

"ಅವರು ಇನ್ನೂ ಒಂದು ದಿನ ಕಳ್ಳ ಅನ್ನಿಸ್ಕೊಳ್ತಿದ್ರು."

ಬಂದು ಒಪ್ಪಿಕೊಳ್ಳಬಹುದಿತ್ತಲ್ಲ ಎಂದದ್ದಕ್ಕೆ, ಬಂದೂಕು ಸಿಕ್ಕರೆ ಅವರನ್ನು ಬಿಡುತ್ತಾರೆ ಅಂದುಕೊಂಡೆ ಎಂದಳು. ಮಧ್ಯಾಹ್ನ ಒಂದಕ್ಕೆ, ಪಂಚರ ಸಮಕ್ಷಮದಲ್ಲಿ ಆರು ಸ್ಕ್ರೂಡ್ರೈವರುಗಳನ್ನು ವಶಪಡಿಸಿಕೊಂಡು ಅವಳನ್ನು ದಸ್ತಗಿರಿ ಮಾಡಿದರು.

ಸಂಜೆ ಕರ್ನಲರನ್ನು ಕರೆಸಿ, ನಿಮ್ಮ ಮೇಲೆ ಯಾವ ಆರೋಪವೂ ಇಲ್ಲ ಎಂದು ಇನ್ಸ್‌ಪೆಕ್ಟರ್ ಎದ್ದು ನಿಂತು, ಕಾರ್ಯದರ್ಶಿಯ ಎದುರಿಗೇ ಹೇಳಿದರು. ಕಾರ್ಯದರ್ಶಿ ಬಿಲ್ಲೆಯನ್ನು ಚಾಚಿದರು. ಕರ್ನಲರು ಅದನ್ನು ತೆಗೆದುಕೊಳ್ಳದೆ, ಬೆಂಚಿನ ಮೇಲೆ ಕೂತಿದ್ದ ಮಿಷನ್ ಅಕ್ಕನ ಮುಂದೆ ಹೋಗಿ ನಿಂತರು. ಅವಳು ಎದ್ದಳು.

"ನಿಮ್ಮಪ್ಪನ ಹೆಸರಿನ ಕೊಳೆ ಒರೆಸೋಕೆ ನನ್ನ ಹೆಸರೇ ಬೇಕಾಯ್ತೇನಮ್ಮ?"

ಕರ್ನಲರು ಬಂದೂಕನ್ನು ನೋಡಬೇಕೆಂದರು. ಕನ್ನಡಕ ಹಾಕಿಕೊಂಡು, ಕೈ ಬೆನ್ನಿಗೆ ಕಟ್ಟಿ, ಬಗ್ಗಿ ನೋಡಿದರು. ಏಳನೆಯ ಸ್ಕ್ರೂವಿನ ಮೇಲೆ ಕಣ್ಣು ನಿಂತಾಗ ಅದರ ಕತೆಯನ್ನು ಇನ್ಸ್‌ಪೆಕ್ಟರ್ ಹೇಳಿದರು. ಮುದುಕರು ಕಾರ್ಯದರ್ಶಿಯ ಕೈಯಿಂದ ಬಿಲ್ಲೆ ತೆಗೆದುಕೊಂಡು ಮನೆಗೆ ಹೋದರು.

ಶುಕ್ರವಾರ ನ್ಯಾಯಾಲಯದಲ್ಲಿ ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದಾಗ ಮಿಷನ್ ಅಕ್ಕನ ತಮ್ಮ ಬಂದಿರಲಿಲ್ಲ; ಮರ್ಯಾದೆ ಹೋಯಿತೆಂದು ಫೋನನ್ನೇ ತೆಗೆದಿರಲಿಲ್ಲ. ಹಿಂದಿನ ಬೆಂಚಿನಿಂದ ಇಸ್ತ್ರಿ ಮಾಡಿದ ಸಮವಸ್ತ್ರವೊಂದು ಎದ್ದು ಬಂತು. ಕರ್ನಲರ ಕೈಯಲ್ಲಿ ಮನೆಯ ಪತ್ರಗಳಿದ್ದವು, ಎದೆಯ ಮೇಲೆ ಬಿಲ್ಲೆಯಿತ್ತು. ನಾನು ನಿಲ್ಲುತ್ತೇನೆ ಎಂದರು.

ಹೊರಗೆ ಕಾರಿಡಾರಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದರು: "ಕ್ಷಮಿಸಿದ್ರಾ?"

"ಇಲ್ಲ. ಅದಕ್ಕೆ ಟೈಮ್ ಬೇಕು." ಅವರು ಮೀಸೆ ಸರಿಮಾಡಿಕೊಂಡರು. "ಆದ್ರೆ ಆ ಮನೆತನದಲ್ಲಿ ಕೆಲ್ಸ ಅರ್ಧಕ್ಕೆ ಬಿಟ್ಟವರನ್ನ ನಾನು ನೋಡಿಲ್ಲ ಮೇಡಂ. ನನಗೋಸ್ಕರ ಬಿಟ್ಟಿದಾಳೆ. ಅವಳನ್ನ ಒಳಗೆ ಕೂರಿಸಿ ನಾನು ಗೇಟ್ ಹತ್ರ ಸೆಟೆದು ನಿಲ್ಲೋಕಾಗುತ್ತಾ?"

ಅಂದು ಸಂಜೆ ಠಾಣೆಯಲ್ಲಿ ಮಾತಿನಮಲ್ಲ ಅಂತಿಮ ವರದಿ ಬರೆಯಲು ಕೂತರು. ಕೃತ್ಯ, ಸ್ಥಳ, ವಶಪಡಿಸಿಕೊಂಡ ವಸ್ತುಗಳು ಎಲ್ಲ ಮುಗಿದು ಉದ್ದೇಶದ ಹತ್ತಿರ ಬಂದಾಗ ಪೆನ್ನು ನಿಂತಿತು. ಲಾಭಕ್ಕಾಗಿ ಎನ್ನುವಂತಿಲ್ಲ, ದ್ವೇಷಕ್ಕಾಗಿ ಎನ್ನುವಂತೆಯೂ ಇಲ್ಲ. ಏನು ಬರೆಯಲಿ ಎಂದು ಕೇಳಿದರು.

ಇನ್ಸ್‌ಪೆಕ್ಟರ್ ಕಿಟಕಿಯ ಹೊರಗೆ ನೋಡುತ್ತಿದ್ದರು. "ತಂದೆಯ ಕೆಲಸದ ಮೇಲಿನ ಅಭಿಮಾನ ಅಂತ ಬರೀರಿ."

"ಕಾನೂನಿನಲ್ಲಿ ಅಂಥದ್ದೊಂದು ಇದೆಯಾ ಮೇಡಂ?"

"ಇಲ್ಲ," ಎಂದರು ಆಕೆ. "ಆದ್ರೂ ಬರೀರಿ."